ತರಗತಿಯಲ್ಲಿ ಗೆದ್ದ ವಾದ, ಆಕಾಶದಲ್ಲಿ ತೆತ್ತ ಬೆಲೆ

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ರೈಟ್ ಸಹೋದರರು 1910ರಲ್ಲಿ ವಿಮಾನ ಚಾಲನೆಯ ಶಾಲೆ ತೆರೆದಿದ್ದ ಬಯಲೇ ಇಂದಿನ ಮ್ಯಾಕ್ಸ್‌ವೆಲ್ ವಾಯುನೆಲೆ. ಅಲ್ಲಿರುವ ಏರ್ ಯೂನಿವರ್ಸಿಟಿಗೆ ಪೈಲಟ್‌ಗಳೂ ಬರುತ್ತಾರೆ, ಕ್ಷಿಪಣಿ, ಉಪಗ್ರಹ, ಸರಬರಾಜು ನೋಡಿಕೊಳ್ಳುವವರೂ ಬರುತ್ತಾರೆ. ಬಂದವರ ಕೆಲಸ ಹಾರುವುದಲ್ಲ, ಕೂತು ಓದುವುದು, ಬರೆಯುವುದು, ವಾದಿಸುವುದು. 1946ರಲ್ಲಿ ಹುಟ್ಟಿದ ಈ ಸಂಸ್ಥೆ ಅಮೆರಿಕದ ಸ್ವತಂತ್ರ ವಾಯುಪಡೆಗಿಂತ ಒಂದು ವರ್ಷ ಹಿರಿದು. ಅದರ ಬೇರು ಇನ್ನೂ ಹಿಂದಕ್ಕೆ, 1920ರಲ್ಲಿ ವರ್ಜೀನಿಯಾದಲ್ಲಿ ಶುರುವಾಗಿ 1931ರಲ್ಲಿ ಮ್ಯಾಕ್ಸ್‌ವೆಲ್‌ಗೆ ಬಂದ ಏರ್ ಕೋರ್ ಟ್ಯಾಕ್ಟಿಕಲ್ ಸ್ಕೂಲ್‌ಗೆ ಹೋಗುತ್ತದೆ. ಎರಡನೇ ಮಹಾಯುದ್ಧ ಮುಗಿಯುವಾಗ ಅಮೆರಿಕದ ವೈಮಾನಿಕ ಸೇನೆಯಲ್ಲಿದ್ದ 320 ಜನರಲ್‌ಗಳಲ್ಲಿ 261 ಮಂದಿ ಆ ಶಾಲೆಯಲ್ಲಿ ಓದಿದವರು. ಡ್ರೋನು, ಕೃತಕ ಬುದ್ಧಿಮತ್ತೆಗಳ ಕಾಲದಲ್ಲಿ ಅಧಿಕಾರಿಗಳಿಗೆ ಏನು ಕಲಿಸಬೇಕು ಎಂದು ಯೋಚಿಸುವವರು ಈ ಶಾಲೆಯ ಸಾಧನೆಗಿಂತ ಅದರ ತಪ್ಪನ್ನು ನೋಡುವುದು ಒಳ್ಳೆಯದು.

1930ರ ದಶಕದಲ್ಲಿ ಅಲ್ಲಿನ ಬೋಧಕರು ಮುಂದಿಟ್ಟ ವಿಚಾರ ದಡ್ಡರದ್ದಲ್ಲ. ಆಧುನಿಕ ದೇಶದ ಆರ್ಥಿಕತೆ ಒಂದಕ್ಕೊಂದು ಹೆಣೆದ ಬಲೆ. ವಿದ್ಯುತ್ತು, ರೈಲು, ತೈಲದಂಥ ಕೆಲವೇ ಗಂಟುಗಳನ್ನು ಮೇಲಿನಿಂದ ಹೊಡೆದರೆ ಇಡೀ ಬಲೆ ಸಡಿಲವಾಗುತ್ತದೆ ಎಂದು ಅವರು ವಾದಿಸಿದರು. ಪಿಟ್ಸ್‌ಬರ್ಗ್‌ನಲ್ಲಿ ಪ್ರವಾಹ ಬಂದು, ವಿಮಾನದ ಪ್ರೊಪೆಲ್ಲರಿಗೆ ಬೇಕಾದ ಒಂದು ವಿಶೇಷ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆ ನಿಂತುಹೋದಾಗ ವಿಮಾನ ತಯಾರಿಕೆಯೇ ಕುಂಟಿದ್ದು ಅವರಿಗೆ ಸಿಕ್ಕ ಮೆಚ್ಚಿನ ಉದಾಹರಣೆ. ಹಗಲಿನಲ್ಲೇ, ಎತ್ತರದಲ್ಲಿ, ಒತ್ತಾಗಿ ಹಾರುವ ಭಾರಿ ಬಾಂಬರ್‌ಗಳು ತಮ್ಮ ಮೆಷಿನ್ ಗನ್‌ಗಳಿಂದಲೇ ತಮ್ಮನ್ನು ಕಾಯ್ದುಕೊಳ್ಳುತ್ತವೆ, ಬೆಂಗಾವಲು ಬೇಕಿಲ್ಲ ಎಂಬುದು ಇದರ ಇನ್ನೊಂದು ಭಾಗ. 1941ರ ಆಗಸ್ಟಿನಲ್ಲಿ ಇದೇ ಶಾಲೆಯ ನಾಲ್ವರು ಮಾಜಿ ಬೋಧಕರು ಜರ್ಮನಿಯ 154 ಗುರಿಗಳ ಯೋಜನೆಯನ್ನು ಕೆಲವೇ ದಿನಗಳಲ್ಲಿ ಬರೆದುಕೊಟ್ಟರು. ಪಾಠ ಅಷ್ಟು ಬಾಯಿಗೆ ಬಂದಿತ್ತು. ಸಂಪ್ರದಾಯದ ಹಂಗಿಲ್ಲದೆ ಮುನ್ನಡೆಯುವುದು ಶಾಲೆಯ ಧ್ಯೇಯವಾಗಿತ್ತು. ತಾನೇ ಒಂದು ಸಂಪ್ರದಾಯ ಕಟ್ಟಿಕೊಂಡದ್ದು ಅದಕ್ಕೆ ತಿಳಿಯಲಿಲ್ಲ.

ಕ್ಲೇರ್ ಶೆನಾಲ್ಟ್ ಎಂಬ ಬೋಧಕ ಮಾತ್ರ ಒಪ್ಪಲಿಲ್ಲ. ನೆಲದ ಮೇಲೆ ಕಾವಲುಗಾರರನ್ನು ಹರಡಿ, ಟೆಲಿಫೋನಿನಲ್ಲಿ ಸುದ್ದಿ ತರಿಸಿಕೊಂಡರೆ ಫೈಟರ್‌ಗಳು ಬಾಂಬರ್‌ಗಳನ್ನು ದಾರಿಯಲ್ಲೇ ತಡೆಯಬಲ್ಲವು ಎಂದು ಅವನು ಹಟ ಹಿಡಿದ. ವಾದ ಸೋತ. ಕಿವಿಯೂ ಮಂದವಾಗಿತ್ತು, 1937ರಲ್ಲಿ ಸೇನೆ ಬಿಟ್ಟು ಚೀನಾಕ್ಕೆ ಹೋದ. ತರಗತಿಯಲ್ಲಿ ಹೇಳಿದ್ದ ಎಚ್ಚರಿಕೆ ಜಾಲವನ್ನು ಅಲ್ಲಿ ಕಟ್ಟಿ, ಫ್ಲೈಯಿಂಗ್ ಟೈಗರ್ಸ್ ತಂಡದೊಂದಿಗೆ ಜಪಾನಿ ವಿಮಾನಗಳನ್ನು ಎದುರಿಸಿದ. (ಆ ತಂಡ ಕಟ್ಟಲು ನೆರವಾದ ವಿಲಿಯಂ ಪಾಲಿ, 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಏಳಲು ಕೈಜೋಡಿಸಿದವನೂ ಹೌದು.) ಮ್ಯಾಕ್ಸ್‌ವೆಲ್‌ನ ಪಾಠಕ್ಕೆ ಪರೀಕ್ಷೆ ನಡೆದದ್ದು 1943ರ ಅಕ್ಟೋಬರ್ 14ರಂದು. ಜರ್ಮನಿಯ ಶ್ವೈನ್‌ಫುರ್ಟ್‌ನ ಬೇರಿಂಗ್ ಕಾರ್ಖಾನೆಗಳತ್ತ ಹೊರಟ 291 ಬಿ-17 ಬಾಂಬರ್‌ಗಳಲ್ಲಿ 60 ಉರುಳಿದವು. ಬೆಂಗಾವಲಿಗೆ ದೂರ ಹಾರಬಲ್ಲ ಮಸ್ಟಾಂಗ್ ಫೈಟರ್‌ಗಳು ಬಂದ ಮೇಲೆಯೇ ಚಿತ್ರ ಬದಲಾಯಿತು. 1944ರಲ್ಲಿ ತೈಲ ಸ್ಥಾವರಗಳ ಮೇಲಿನ ದಾಳಿ ಜರ್ಮನಿಯನ್ನು ನಿಜವಾಗಿಯೂ ಕಂಗೆಡಿಸಿತು. ಹಾಗಾಗಿ ಬಲೆಯ ವಿಚಾರ ಪೂರ್ತಿ ಸುಳ್ಳಾಗಿರಲಿಲ್ಲ. ಅದಕ್ಕೆ ಬೇಕಿದ್ದ ತಿದ್ದುಪಡಿಯನ್ನು ಶಾಲೆ ಹೊರಗೆ ಕಳಿಸಿತ್ತು.

ಆಗಿನ ತಿಳಿವಳಿಕೆಯಲ್ಲಿ ಅಷ್ಟೇ ಸಾಧ್ಯವಿತ್ತು ಎನ್ನುವವರಿದ್ದಾರೆ. 1935ರಲ್ಲಿ ಮೊದಲು ಹಾರಿದ ಬಿ-17ರ ವೇಗ ಆ ಹೊತ್ತಿನ ಫೈಟರ್‌ಗಳನ್ನು ನಾಚಿಸುವಂತಿತ್ತು, ರಡಾರ್ ಇನ್ನೂ ಅವರ ಕಣ್ಣಿಗೆ ಬಿದ್ದಿರಲಿಲ್ಲ, ನಿಜ. ಆದರೆ ಬಾಂಬರನ್ನು ವೇಗವಾಗಿಸಿದ ಎಂಜಿನ್ ವಿದ್ಯೆ ಫೈಟರನ್ನೂ ವೇಗವಾಗಿಸುತ್ತದೆ ಎಂದು ಊಹಿಸಲು ರಡಾರ್ ಬೇಕಿರಲಿಲ್ಲ. ಶೆನಾಲ್ಟ್ ಕೇಳಿದ್ದು ಟೆಲಿಫೋನನ್ನು. ಹೊರಗೆ ಕಟ್ಟಿ ಬೀಳಿಸಬಹುದಾದ ಇಂಧನ ಟ್ಯಾಂಕೂ ಹೊಸದಲ್ಲ. ಸೇನೆಯಲ್ಲಿ ಎಲ್ಲರೂ ವಾದಿಸುತ್ತ ಕೂತರೆ ಶಿಸ್ತು ಉಳಿಯುವುದೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಯುದ್ಧದಲ್ಲಿ ಆಜ್ಞೆ ಪಾಲಿಸಲೇಬೇಕು. ಅದಕ್ಕಾಗಿಯೇ ವಾದಕ್ಕೆ ಶಾಂತಿಕಾಲದ ತರಗತಿ ಬೇಕು. 1990ರ ದಶಕದ ಆರಂಭದಲ್ಲಿ ಏರ್ ಯೂನಿವರ್ಸಿಟಿ ಕಟ್ಟಿದ ಉನ್ನತ ಅಧ್ಯಯನದ ಶಾಲೆಯಲ್ಲಿ ಕೆಲವೇ ಅಧಿಕಾರಿಗಳು ಸಮವಸ್ತ್ರವಿಲ್ಲದ ಪ್ರಾಧ್ಯಾಪಕರ ಎದುರೂ ಕೂತು ಇತಿಹಾಸವನ್ನೂ ಯುದ್ಧತಂತ್ರವನ್ನೂ ಚರ್ಚಿಸುವುದು ಇದೇ ಕಾರಣಕ್ಕೆ ಸರಿ ಎನ್ನಿಸುತ್ತದೆ.

ಉಕ್ರೇನಿನಲ್ಲಿ ಸಿಗ್ನಲ್ ತಡೆಯುವ ಯಂತ್ರ ಬಂದರೆ ತೆಳು ಫೈಬರ್ ತಂತಿ ಎಳೆದುಕೊಂಡು ಹಾರುವ ಡ್ರೋನ್ ಬರುತ್ತದೆ. ಇಂಥ ವೇಗದ ಮುಂದೆ ಹತ್ತು ತಿಂಗಳ ಕೋರ್ಸ್ ಏನು ಮಾಡೀತು? ಡ್ರೋನನ್ನೇ ಪಠ್ಯ ಮಾಡಿಕೊಂಡರೆ ಏನೂ ಮಾಡಲಾರದು. ಪ್ರಯೋಗದ ವರದಿಯನ್ನು ಓದುವ ಬಗೆ ಮಾತ್ರ ಅಷ್ಟು ಬೇಗ ಹಳತಾಗದು. 2020ರ ಆಗಸ್ಟಿನಲ್ಲಿ ಕಂಪ್ಯೂಟರ್ ಕಾಳಗದಲ್ಲಿ ಕೃತಕ ಬುದ್ಧಿಮತ್ತೆ ಒಬ್ಬ ಎಫ್-16 ಪೈಲಟನ್ನು 5-0ಯಿಂದ ಸೋಲಿಸಿತು. ಎದುರಾಳಿ ಎಲ್ಲಿದ್ದಾನೆಂಬ ಮಾಹಿತಿಯನ್ನು ಅದಕ್ಕೆ ಪೂರ್ತಿಯಾಗಿ ಕೊಡಲಾಗಿತ್ತು. 2024ರಲ್ಲಿ ಅಂಥದೇ ತಂತ್ರಾಂಶ ನಡೆಸಿದ ನಿಜ ವಿಮಾನದಲ್ಲಿ ವಾಯುಪಡೆ ಕಾರ್ಯದರ್ಶಿ ಫ್ರಾಂಕ್ ಕೆಂಡಾಲ್ ಕೂತು ಬಂದರು. ಪ್ರಗತಿ ದೊಡ್ಡದೇ. ಆದರೆ 1930ರ ದಶಕದ ಬಾಂಬಿಂಗ್ ಅಭ್ಯಾಸಗಳೂ ತಿಳಿಯಾದ ಆಕಾಶದಲ್ಲಿ, ಯಾರೂ ತಿರುಗಿ ಗುಂಡು ಹಾರಿಸದ ಕಡೆ ಚೆನ್ನಾಗಿಯೇ ನಡೆದಿದ್ದವು. ಮೋಡವಿದ್ದರೆ, ಸಂವೇದಕ ಕುರುಡಾದರೆ, ಶತ್ರು ಸುಳ್ಳು ಸಂಕೇತ ಕಳಿಸಿದರೆ ಫಲಿತಾಂಶ ಏನಾಗುತ್ತಿತ್ತು ಎಂದು ಕೇಳುವ ಮೇಜರ್‌ಗಳನ್ನು ಮ್ಯಾಕ್ಸ್‌ವೆಲ್ ತಯಾರು ಮಾಡಬಹುದು. ಅವರಿಗೆ ಮುಂದಿನ ದರ್ಜೆ ಸಿಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಬೋಧಕರಲ್ಲ, ಬಡ್ತಿ ಮಂಡಳಿ.