ಚದುರಂಗದ ಕನ್ನಡಿಯಾಟ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ಈ ನಡುನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕೋಟೆ ಇಂದಿಗೂ ಅದಕ್ಕೆ ಸಾಕ್ಷಿ. ಚದುರಂಗದ ಹಾಸಿನಲ್ಲಿಯೂ ಇಂಥದೊಂದು ಎಡೆದೊರೆ ನಾಡುಂಟು: ನಟ್ಟನಡುವಿನ ನಾಲ್ಕು ಮನೆಗಳು.

ಹೆಚ್ಚಿನವರು ಅಲ್ಲಿಗೆ ನೇರವಾಗಿ ಕಾಲಾಳನ್ನು ನುಗ್ಗಿಸುತ್ತಾರೆ. ‘ಇಂಗ್ಲಿಷ್ ಓಪನಿಂಗ್’ನ ದಾರಿ ಬೇರೆ. ಇಲ್ಲಿ ಬಿಳಿಯ ಆಟಗಾರ ಮಂತ್ರಿಯ ಪಕ್ಕದ ಒಂಟೆಯ ಮುಂದಿರುವ ಕಾಲಾಳನ್ನು ಎರಡು ಮನೆ ನಡೆಸುತ್ತಾನೆ. 1843ರಲ್ಲಿ ಪ್ಯಾರಿಸ್ಸಿನ ಪಂದ್ಯದಲ್ಲಿ ಇಂಗ್ಲೆಂಡಿನ ಹೊವಾರ್ಡ್ ಸ್ಟಾಂಟನ್ ಇದನ್ನು ಆಡಿದ್ದರಿಂದ ಈ ಹೆಸರು. ಕರಿಯೂ ಅದೇ ನಡೆ ಆಡಿದರೆ ಕನ್ನಡಿಯಾಟ ಶುರು. ಇಬ್ಬರೂ ಕುದುರೆಗಳನ್ನು ಹೊರತರುತ್ತಾರೆ, ರಾಜನ ಕಡೆಯ ಒಂಟೆಯನ್ನು ಮೂಲೆಯ ಬಳಿ ಕೂರಿಸುತ್ತಾರೆ. ಅಲ್ಲಿಂದ ಒಂದೊಂದು ಒಂಟೆ ನಡುವಿನ ಎರಡೆರಡು ಮನೆಗಳನ್ನು ಕಾಯುತ್ತದೆ.

ಈ ಕ್ರಮ ನಮಗೆ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಲ್ಕತ್ತೆಯ ಮಹೇಶಚಂದ್ರ ಬ್ಯಾನರ್ಜಿ, ಜಾನ್ ಕಾಕ್ರನ್ ಎದುರು ಒಂಟೆಯನ್ನು ಹೀಗೆ ಇಟ್ಟು ಆಡುತ್ತಿದ್ದರು. ದೇಶಿ ಆಟದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿಯೂ ಒಂದೇ ಮನೆ. ನಿಧಾನವಾಗಿ ಸೇನೆ ಜೋಡಿಸುವುದು ಇಲ್ಲಿನವರಿಗೆ ರೂಢಿ. ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರಿನ ಹಿಂದೆ ಆ ಆಟಗಳಿವೆ.

ಹಾಗಾದರೆ ಕೊನೆಯವರೆಗೂ ನಕಲು ಮಾಡುತ್ತ ಹೋದರೆ ಆಟ ಡ್ರಾ ಆಗುವುದಿಲ್ಲವೇ? ಆಗುವುದಿಲ್ಲ. ಬಿಳಿಗೆ ಸದಾ ಒಂದು ನಡೆ ಮುಂದಿರುವ ಲಾಭವಿದೆ. ‘ಪೆಟ್ರಾಫ್ ಡಿಫೆನ್ಸ್’ ಎಂಬ ಇನ್ನೊಂದು ಆರಂಭವನ್ನು ನೋಡಿ. ಬಿಳಿಯ ಕುದುರೆ ನಡುವಿನ ಕಾಲಾಳನ್ನು ಹೊಡೆಯುತ್ತದೆ, ಕರಿಯದೂ ಹಾಗೆಯೇ. ಬಿಳಿಯ ಮಂತ್ರಿ ರಾಜನ ಮುಂದೆ ಬಂದು ಆ ಕುದುರೆಯ ಮೇಲೆ ಕಣ್ಣಿಡುತ್ತದೆ. ಕುದುರೆಯನ್ನು ಉಳಿಸಲೆಂದು ಕರಿ ಹಿಂದೆಗೆದರೆ, ಬಿಳಿಯ ಕುದುರೆ ಪಕ್ಕಕ್ಕೆ ಜಿಗಿದು ಕರಿಯ ಮಂತ್ರಿಯ ಮೇಲೆ ಬೀಳುತ್ತದೆ. ಅದು ಬಿಟ್ಟ ದಾರಿಯಲ್ಲಿ ಬಿಳಿಯ ಮಂತ್ರಿಯಿಂದ ರಾಜನಿಗೆ ಚೆಕ್! ಚೆಕ್‌ಗೆ ಮೊದಲು ಉತ್ತರ ಹೇಳಲೇಬೇಕು. ಅಷ್ಟರಲ್ಲಿ ಮಂತ್ರಿ ಹೋಯಿತು.

ಕನ್ನಡಿಯಾಟದಲ್ಲಿ ಪೆಟ್ಟು ಇಷ್ಟು ಬೇಗ ಬೀಳುವುದಿಲ್ಲ. ಸಾಮಾನ್ಯವಾಗಿ ಏಳನೆಯ ನಡೆಗೆ ಬಿಳಿಯು ಮಂತ್ರಿಯ ಮುಂದಿನ ಕಾಲಾಳನ್ನು ನಡುಮನೆಗೆ ತಳ್ಳುತ್ತದೆ. ಕರಿ ಅದನ್ನು ಹೊಡೆಯುತ್ತದೆ. ಬಿಳಿಯ ಕುದುರೆ ಮರಳಿ ಹೊಡೆದು ನಡುವಿನಲ್ಲಿ ನಿಲ್ಲುತ್ತದೆ. ಇನ್ನು ಕರಿ ಸ್ವಂತ ದಾರಿ ಹುಡುಕಬೇಕು. ಟೂರ್ನಿಯಲ್ಲಿ ಗಡಿಯಾರ ಓಡುತ್ತಿರುತ್ತದೆ. ಆರು ನಡೆ ಬಾಯಿಪಾಠವಾಗಿ ಆಡಿದವನು ತಡವರಿಸುವುದು ಇಲ್ಲಿಯೇ. ಪ್ರತಿ ನಡೆಗೂ ‘ಇದೇಕೆ?’ ಎಂದು ಕೇಳಿಕೊಂಡು ಕಲಿತವನಿಗೆ ಆಟ ಇಲ್ಲಿಂದ ಶುರುವಾಗುತ್ತದೆ.