ಅಳತೆಯ ಮದ್ದು, ತೂಕದ ಮದ್ದು

ಕನ್ನಡದಲ್ಲಿ ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಪ್ರಮಾಣ ತಪ್ಪಿದರೆ ಎರಡೂ ಅಪಾಯಕಾರಿ. ಇಂಗ್ಲಿಷರ ಲೆಕ್ಕದಲ್ಲೂ ಇವೆರಡಕ್ಕೆ ನಂಟಿದೆ. ಕೋವಿಯ ಮದ್ದನ್ನು ತೂಗುವ ‘ಗ್ರೇನ್’ ಎಂಬ ಮಾನ ಹಿಂದೆ ಔಷಧದ ಅಂಗಡಿಗಳ ತಕ್ಕಡಿಯಲ್ಲೂ ಇತ್ತು. ಒಂದು ಪೌಂಡಿಗೆ 7,000 ಗ್ರೇನ್. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯ ಸುಮಾರು ಅರ್ಧದಷ್ಟು ಭಾರ.

ಅಮೆರಿಕದಲ್ಲಿ ಲಕ್ಷಾಂತರ ಜನ ಇಂದಿಗೂ ಈ ಗ್ರೇನ್ ಲೆಕ್ಕವನ್ನು ಮನೆಯಲ್ಲೇ ಮಾಡುತ್ತಾರೆ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕೋಶ ಹಾಳಾಗಿರುವುದಿಲ್ಲ. ಅದಕ್ಕೆ ಹೊಸ ಕೇಪು ಕೂರಿಸಿ, ಮದ್ದು ಸುರಿದು, ಮೇಲೆ ಗುಂಡು ಒತ್ತಿದರೆ ತೋಟಾ ಮತ್ತೆ ಸಿದ್ಧ. ಇದಕ್ಕೆ ಅಲ್ಲಿ ‘ಹ್ಯಾಂಡ್‌ಲೋಡಿಂಗ್’ ಎನ್ನುತ್ತಾರೆ. ಕೆಲವರಿಗೆ ಇದು ಉಳಿತಾಯ, ಕೆಲವರಿಗೆ ಹವ್ಯಾಸ. ಈ ಹವ್ಯಾಸಿಗಳಲ್ಲಿ ಬಹಳ ಹಿಂದಿನಿಂದ ಬಂದ ಒಂದು ರೂಢಿಯೆಂದರೆ ಶಾಟ್‌ಗನ್, ಅಂದರೆ ಚರೆ ಹಾರಿಸುವ ಕೋವಿಗಾಗಿ ತಯಾರಾದ ಮದ್ದನ್ನು ರಿವಾಲ್ವರ್, ಪಿಸ್ತೂಲುಗಳ ತೋಟಾಗಳಿಗೂ ಬಳಸುವುದು. ಹೊರಗಿನವರಿಗೆ ಇದು ಲಾರಿಯ ಎಣ್ಣೆಯನ್ನು ಸ್ಕೂಟರಿಗೆ ಹಾಕಿದಂತೆ ಕಾಣಬಹುದು. ಆದರೆ ಇದರ ಹಿಂದೆ ಗಟ್ಟಿಯಾದ ಕಾರಣವಿದೆ, ನೂರೈವತ್ತು ವರ್ಷಗಳ ಇತಿಹಾಸವಿದೆ.

ಶತಮಾನಗಳ ಕಾಲ ಜಗತ್ತಿಗೆಲ್ಲ ಒಂದೇ ಮದ್ದು ಗೊತ್ತಿತ್ತು. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಕಪ್ಪು ಮದ್ದು ಅದು. ಹೈದರ್ ಮತ್ತು ಟಿಪ್ಪುವಿನ ರಾಕೆಟ್ಟುಗಳಲ್ಲಿ ಉರಿದದ್ದೂ ಅದೇ. ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತಿತ್ತು. ಆದರೆ ಅದಕ್ಕೊಂದು ಗುಣವಿತ್ತು. ಚಮಚದಂಥ ಒಂದು ಅಳತೆಯಲ್ಲಿ ತುಂಬಿ ಸುರಿದರೆ ಸಾಕು, ತಕ್ಕಡಿ ಬೇಕಿರಲಿಲ್ಲ. ಕೈಯಳತೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಕೋವಿ ಸಾಮಾನ್ಯವಾಗಿ ತಾಳಿಕೊಳ್ಳುತ್ತಿತ್ತು.

1846ರಲ್ಲಿ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಶೋನ್‌ಬೈನ್ ಹತ್ತಿಯನ್ನು ಆಮ್ಲಗಳಲ್ಲಿ ನೆನೆಸಿ ಹೊಗೆಯಿಲ್ಲದೆ ಉರಿಯುವ ಸಿಡಿಹತ್ತಿಯನ್ನು ಕಂಡುಹಿಡಿದ. ಅದರ ಉರಿ ಎಷ್ಟು ರಭಸದ್ದೆಂದರೆ ಕೋವಿಗಳೇ ಒಡೆದುಹೋಗುತ್ತಿದ್ದವು. 1860ರ ದಶಕದಲ್ಲಿ ಪ್ರಷ್ಯದ ಫಿರಂಗಿದಳದ ಅಧಿಕಾರಿ ಶುಲ್ಟ್ಸ ಮರದ ನಾರಿನಿಂದ ಅದೇ ಬಗೆಯ, ಆದರೆ ಸೌಮ್ಯವಾದ ಮದ್ದನ್ನು ತಯಾರಿಸಿದ. ಅದೂ ರೈಫಲ್ಲಿಗೆ ಅತಿವೇಗದ್ದಾಯಿತು. ಶಾಟ್‌ಗನ್ನಿಗೆ ಮಾತ್ರ ಒಗ್ಗಿತು. ಫ್ರಾನ್ಸಿನ ಪಾಲ್ ವಿಯೆ 1884ರಲ್ಲಿ ರೈಫಲ್ಲಿಗೆ ಹೊಂದುವ ಹೊಗೆರಹಿತ ಮದ್ದನ್ನು ರೂಪಿಸುವ ಹೊತ್ತಿಗೆ ಹಕ್ಕಿ ಬೇಟೆಯವರ ಕೋವಿಗಳು ಹೊಸ ಮದ್ದನ್ನು ಆಗಲೇ ಹಲವು ವರ್ಷ ಕಂಡಿದ್ದವು. ಹೀಗೆ ಹೊಗೆರಹಿತ ಮದ್ದುಗಳ ಕುಟುಂಬದಲ್ಲಿ ಶಾಟ್‌ಗನ್ ಮದ್ದೇ ಹಿರಿಯಣ್ಣ.

ಅದು ಕೈಕೋವಿಗೂ ಹೊಂದಿದ್ದೇಕೆ? ಮದ್ದು ಸಿಡಿಯುವುದಿಲ್ಲ, ಉರಿಯುತ್ತದೆ. ಉರಿಯುವ ವೇಗವೇ ಅದರ ಜಾತಿಯನ್ನು ನಿರ್ಧರಿಸುತ್ತದೆ. ಉದ್ದ ನಳಿಗೆಯ ರೈಫಲ್ಲಿನಲ್ಲಿ ಗುಂಡನ್ನು ಕೊನೆಯವರೆಗೂ ತಳ್ಳುತ್ತಿರಬೇಕು, ಆದ್ದರಿಂದ ಅಲ್ಲಿ ನಿಧಾನದ ಮದ್ದು. ಶಾಟ್‌ಗನ್ನಿನ ನಳಿಗೆ ಅಗಲ, ಗೋಡೆ ತೆಳು. ಚರೆ ಮುಂದೆ ಸರಿದಂತೆ ಅನಿಲಕ್ಕೆ ಬಹಳ ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ಕಡಿಮೆ ಒತ್ತಡದಲ್ಲೇ ಚುರುಕಾಗಿ ಉರಿದು ಮುಗಿಯುವ ಮದ್ದು ಬೇಕು. ಪಿಸ್ತೂಲಿನ ನಳಿಗೆಯಂತೂ ಗೇಣುದ್ದವೂ ಇಲ್ಲ. ಅಷ್ಟರೊಳಗೆ ಮದ್ದು ಉರಿದು ಮುಗಿಯದಿದ್ದರೆ ಉಳಿದದ್ದು ಬಾಯಿಂದಾಚೆ ಬೆಂಕಿಯಾಗಿ ವ್ಯರ್ಥ. ಕಾರಣ ಬೇರೆ ಬೇರೆಯಾದರೂ ಎರಡೂ ಕೇಳುವುದು ಒಂದನ್ನೇ: ಬೇಗ ಉರಿಯುವ, ತೆಳುಪದರದ ಚೂರುಗಳ ಮದ್ದು.

ಅಮೆರಿಕದ ತಯಾರಕರೂ ಇದನ್ನು ಬೇಗ ಅರಿತರು. 1900ರ ಸುಮಾರಿಗೆ ಬಂದ ‘ಯುನಿಕ್’ ಎಂಬ ಮದ್ದು ಶಾಟ್‌ಗನ್, ಕೈಕೋವಿ ಎರಡರಲ್ಲೂ ಮನೆಮಾತಾಯಿತು. ನ್ಯಾಯಾಲಯದ ತೀರ್ಪಿನಂತೆ ಡುಪಾಂಟ್ ಕಂಪನಿ ಒಡೆದಾಗ 1912ರಲ್ಲಿ ಹುಟ್ಟಿದ ಹರ್ಕ್ಯುಲಿಸ್ ಕಂಪನಿ 1932ರಲ್ಲಿ ‘ರೆಡ್ ಡಾಟ್’ ತಂದಿತು. ಬೂದುಬಣ್ಣದ ಚೂರುಗಳ ನಡುವೆ ಕೆಂಪು ಬಣ್ಣದ ಕೆಲವು ಚೂರುಗಳಿದ್ದುದರಿಂದ ಆ ಹೆಸರು. ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಕ್ಲಬ್ಬುಗಳಿಗೆಂದು ಬಂದ ಅದನ್ನು ರಿವಾಲ್ವರಿನವರೂ ಕೊಂಡರು. ಒಂದು ತೋಟಾಕ್ಕೆ ಅದು ಬೇಕಾಗುವುದು ಕೆಲವೇ ಗ್ರೇನ್. ಒಂದು ಡಬ್ಬಿ ಕೊಂಡರೆ ಸಾವಿರಕ್ಕೂ ಮಿಕ್ಕಿ ತೋಟಾ.

ಅಪಾಯ ಅಡಗಿರುವುದೂ ಈ ‘ಕೆಲವೇ ಗ್ರೇನ್’ನಲ್ಲಿ. 1898ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ .38 ಸ್ಪೆಷಲ್ ತೋಟಾವನ್ನು ರೂಪಿಸಿದಾಗ ಅದರ ಕೋಶವನ್ನು ಕಪ್ಪು ಮದ್ದಿನ ಲೆಕ್ಕದಲ್ಲಿ ಉದ್ದವಾಗಿ ಮಾಡಿತ್ತು. ಕಪ್ಪು ಮದ್ದು ಹೋಯಿತು, ಕೋಶ ಮಾತ್ರ ಹಾಗೇ ಉಳಿಯಿತು. ಚುರುಕು ಮದ್ದು ಅದರ ತಳದಲ್ಲಷ್ಟೇ ಕೂರುತ್ತದೆ. ಗಮನ ತಪ್ಪಿ ಎರಡನೆಯ ಬಾರಿ ಸುರಿದರೂ ಅದು ತುಳುಕುವುದಿಲ್ಲ; ಗುಂಡು ಎಂದಿನಂತೆ ಕೂರುತ್ತದೆ, ಹೊರಗಿನಿಂದ ತೋಟಾ ನಿರಪರಾಧಿಯಂತೆ ಕಾಣುತ್ತದೆ. ಹಾರಿಸಿದಾಗ ಒತ್ತಡ ದುಪ್ಪಟ್ಟಾಗಿ ನಿಲ್ಲುವುದಿಲ್ಲ, ಅದಕ್ಕೂ ಮೀರಿ ಏರುತ್ತದೆ; ಏಕೆಂದರೆ ಒತ್ತಡ ಹೆಚ್ಚಿದಷ್ಟೂ ಈ ಮದ್ದು ಇನ್ನೂ ವೇಗವಾಗಿ ಉರಿಯುತ್ತದೆ. ರಿವಾಲ್ವರಿನ ಉಕ್ಕಿನ ಉರುಳೆ ಸೀಳಿ ಬೆರಳು, ಕಣ್ಣು ಕಳೆದುಕೊಂಡವರ ಕಥೆಗಳ ಹಿಂದೆ ಹಲವೊಮ್ಮೆ ಇರುವುದು ಈ ಎರಡನೆಯ ಸುರಿತ.

ಶಾಟ್‌ಗನ್ನಿನ ಜಗತ್ತೂ ಇದನ್ನು ಮೊದಲೇ ಅನುಭವಿಸಿತ್ತು. ಅಲ್ಲಿ ಕಪ್ಪು ಮದ್ದಿನ ಮಾನ ‘ಡ್ರಾಮ್’. ಮೊದಮೊದಲ ಹೊಗೆರಹಿತ ಮದ್ದುಗಳನ್ನು ಹಳೆಯ ಅಳತೆಯಲ್ಲೇ ಸುರಿಯಬಹುದಾಗಿತ್ತು. ಬಳಿಕ ಬಂದ ದಟ್ಟ ಮದ್ದುಗಳನ್ನು ತೂಗಿಯೇ ಹಾಕಬೇಕಿತ್ತು; ಹಳೆಯ ಚಮಚದಲ್ಲೇ ತುಂಬಿದವರ ಕೋವಿಗಳು ಒಡೆದವು. ಇಂದಿಗೂ ಅಮೆರಿಕದ ಶಾಟ್‌ಗನ್ ತೋಟಾ ಪೆಟ್ಟಿಗೆಗಳ ಮೇಲೆ ಇಷ್ಟು ‘ಡ್ರಾಮ್‌ಗೆ ಸಮ’ ಎಂಬ ಸಂಖ್ಯೆ ಕಾಣಸಿಗುತ್ತದೆ. ಒಳಗೆ ಅಷ್ಟು ಮದ್ದಿದೆ ಎಂದು ಅದರ ಅರ್ಥವಲ್ಲ. ಅಷ್ಟು ಕಪ್ಪು ಮದ್ದು ಕೊಡುತ್ತಿದ್ದ ವೇಗ ಎಂದಷ್ಟೇ. ಅದನ್ನೇ ತೂಕವೆಂದು ತಿಳಿದು ತುಂಬಿದವನ ಗತಿ ಹೇಳಬೇಕಾಗಿಲ್ಲ.

‘ಶಾಟ್‌ಗನ್ ಮದ್ದು’ ಎಂಬ ಹೆಸರೂ ಪೂರ್ತಿ ನಂಬುವಂಥದ್ದಲ್ಲ. ಭಾರದ ಚರೆಗೆಂದು ಮಾಡಿದ ನಿಧಾನದ ಮದ್ದುಗಳೂ ಅದೇ ಅಂಗಡಿಯ ಸಾಲಿನಲ್ಲಿರುತ್ತವೆ. ತೋಟಾಗಳ ತಾಳಿಕೆಯೂ ಒಂದೇ ಅಲ್ಲ. ಅಮೆರಿಕದ ತಯಾರಕರು 1926ರಲ್ಲಿ ಕಟ್ಟಿಕೊಂಡ ಮಾನಕ ಸಂಸ್ಥೆಯ ಪ್ರಕಾರ ಸಾಮಾನ್ಯ 12 ಬೋರಿನ ತೋಟಾದ ಒತ್ತಡದ ಮಿತಿ ಚದರ ಅಂಗುಲಕ್ಕೆ 11,500 ಪೌಂಡ್. .38 ಸ್ಪೆಷಲ್‌ಗೆ 17,000, 9 ಮಿಲಿಮೀಟರ್ ಪಿಸ್ತೂಲಿಗೆ 35,000. ಒಂದಕ್ಕೆ ಸರಿಯಾದ ಲೆಕ್ಕ ಇನ್ನೊಂದಕ್ಕೆ ಸಲ್ಲದು. ಆದ್ದರಿಂದಲೇ ಕಂಪನಿಗಳು ಒತ್ತಡ ಅಳೆದು ಪ್ರಕಟಿಸುವ ಕೋಷ್ಟಕಗಳು ಅಲ್ಲಿನ ಹವ್ಯಾಸಿಗಳಿಗೆ ಪಂಚಾಂಗದಂತೆ. ತೂಗುವುದು, ದೀಪ ಹಿಡಿದು ಪ್ರತಿ ಕೋಶದೊಳಗೆ ಇಣುಕುವುದು, ಮೇಜಿನ ಮೇಲೆ ಒಂದೇ ಡಬ್ಬಿ ಇಡುವುದು ಅವರ ಆಚಾರ.

ಭಾರತದಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಆದ್ದರಿಂದ ನಮಗಿದು ದೂರದ ನಾಡಿನ ಸಂಗತಿ. ಆದರೂ ಅದರ ತಿರುಳು ಪರಕೀಯವಲ್ಲ. ಹಳೆಯ ವಸ್ತುವಿನ ಜಾಗಕ್ಕೆ ಅದಕ್ಕಿಂತ ಪ್ರಬಲವಾದದ್ದು ಬಂದಾಗ ಹಳೆಯ ಪಾತ್ರೆ ಹಾಗೇ ಉಳಿಯುತ್ತದೆ, ಕೈಗೆ ಹಳೆಯ ಅಂದಾಜೂ ಉಳಿಯುತ್ತದೆ. ‘ಅಳೆದು ತೂಗಿ’ ಎಂದು ನಮ್ಮವರು ಎರಡನ್ನೂ ಜೋಡಿಸಿಯೇ ಹೇಳಿದ್ದಾರೆ. ಅಳೆದಷ್ಟಕ್ಕೇ ನಿಲ್ಲಿಸಿದವರ ಕೋವಿಗಳೇ ಹೆಚ್ಚಾಗಿ ಒಡೆದದ್ದು.