ದೀಪವಿಲ್ಲದ, ನೀರಿಲ್ಲದ ಮನೆಯನ್ನು ಪರೀಕ್ಷಿಸುವುದು ಹೇಗೆ?

ಭಾಲ್ಕಿಯಲ್ಲೋ ಔರಾದಿನಲ್ಲೋ ಒಂದು ಮನೆ ಮಾರಾಟಕ್ಕಿದೆ ಎಂದಿಟ್ಟುಕೊಳ್ಳಿ. ಮನೆಯವರು ಹೈದರಾಬಾದಿಗೆ ಹೋಗಿ ವರ್ಷಗಳಾಗಿವೆ. ವಿದ್ಯುತ್ ಸಂಪರ್ಕ ಕಡಿದಿದೆ, ನಲ್ಲಿ ಒಣಗಿದೆ. ದಲ್ಲಾಳಿ ಬೀಗ ತೆಗೆದು, "ಕರೆಂಟ್ ಬಂದ್ರ ಎಲ್ಲಾ ಬರೋಬರಿ ಆಗ್ತದ್ರಿ" ಎನ್ನುತ್ತಾನೆ. ತಾವೋ ನಿವೃತ್ತಿಯ ಹಣವನ್ನೆಲ್ಲ ಅಲ್ಲಿ ಹಾಕಲು ಹೊರಟವರು.

ಮೊದಲು ಗೋಡೆ ನೋಡಿ. ಬೀದರ್ ನಗರ ಕೂತಿರುವುದು ಲ್ಯಾಟರೈಟ್ ಎಂಬ ಕೆಂಪುಕಲ್ಲಿನ ಮೇಲೆ. ಭಾಲ್ಕಿ, ಔರಾದಿನ ಕಡೆ ಎರೆಮಣ್ಣು ಹೆಚ್ಚು. ಎರೆ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಆದ್ದರಿಂದ ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು, ತಾರೀಖು ಹಾಕಿ, ಮಳೆಗಾಲದಲ್ಲಿ ಮತ್ತೊಮ್ಮೆ ನೋಡುವುದು ಒಳ್ಳೆಯದು. ಮಣ್ಣಿನ ಗಾರೆಯ ಕಲ್ಲುಗೋಡೆಯಾದರೆ ಎಂಜಿನಿಯರರನ್ನು ಕರೆಯಲೇಬೇಕು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಅಂಥ ಗೋಡೆಗಳೇ ಮಲಗಿದವರ ಮೇಲೆ ಕುಸಿದವು. ನೀರಿಲ್ಲದ ಮನೆಯಲ್ಲಿ ತೇವ ಕಾಣದು, ಆದರೆ ಅದು ಬಿಟ್ಟುಹೋದ ಬಿಳಿ ಉಪ್ಪಿನ ಕಲೆ ಉಳಿದಿರುತ್ತದೆ.

ಇನ್ನು ವಿದ್ಯುತ್ತು. ಸಂಪರ್ಕ ಕಡಿದಿದೆ ಎಂಬ ಮಾತನ್ನು ನಂಬಿ ತಂತಿ ಮುಟ್ಟಬೇಡಿ. ಪಕ್ಕದ ಮನೆಯಿಂದ ಎಳೆದ ಒಂದು ವಯರು ಸಾಕು, 230 ವೋಲ್ಟ್ ಒಳಗೆ ಬರಲು. ಕರೆಂಟು ಇಲ್ಲದಾಗ ಏನೂ ತಿಳಿಯದು ಎಂಬುದೂ ತಪ್ಪು. ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ನೋಡುವ ಮೆಗ್ಗರ್ ಉಪಕರಣವನ್ನು ಬಳಸುವುದೇ ಕರೆಂಟು ಇಲ್ಲದಾಗ. ಬಲ್ಬು, ಯಂತ್ರಗಳನ್ನೆಲ್ಲ ಕಳಚಿ, 500 ವೋಲ್ಟ್ ಕೊಟ್ಟು ಅಳೆದರೆ ಒಂದು ಮೆಗಾಓಮಿಗಿಂತ ಕಡಿಮೆ ಬರಬಾರದು.

ಆದರೆ ಮೆಗ್ಗರ್ ಎಲ್ಲವನ್ನೂ ಹೇಳುವುದಿಲ್ಲ. ಬೀದರಿನಲ್ಲಿ ನನ್ನ ಬಂಧುಗಳೊಬ್ಬರು ಇದೇ ಪರೀಕ್ಷೆ ಮಾಡಿಸಿ ಮನೆ ಕೊಂಡರು. ತಿಂಗಳೊಳಗೆ ಗೀಸರಿನ ನಲ್ಲಿ ಮುಟ್ಟಿದ ಮಗುವಿಗೆ ಶಾಕ್ ಹೊಡೆಯಿತು, ಪುಣ್ಯಕ್ಕೆ ಉಳಿಯಿತು. ಗೋಡೆ ಒಡೆದು ನೋಡಿದರೆ ಅರ್ಥಿಂಗ್ ತಂತಿ ಗಿಲಾವಿನೊಳಗೇ ಮುಗಿದಿತ್ತು, ಗುಂಡಿಯವರೆಗೆ ಹೋಗಿರಲೇ ಇಲ್ಲ. ಪ್ರತಿ ಸಾಕೆಟ್ಟಿನ ಅರ್ಥ್ ಪಿನ್ನಿನಿಂದ ಅರ್ಥಿಂಗ್ ಗುಂಡಿಯವರೆಗೆ ಸಂಪರ್ಕವಿದೆಯೇ ಎಂದು ಮಲ್ಟಿಮೀಟರಿನಿಂದ ನೋಡಲು ಕರೆಂಟು ಬೇಕಿಲ್ಲ, ಅರ್ಧ ಗಂಟೆ ಸಾಕು. ಸೋರಿಕೆ ತಡೆಯುವ ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಮಾತ್ರ ಕರೆಂಟು ಬಂದ ಮೇಲೆಯೇ ಕೆಲಸ ಮಾಡುತ್ತದೆ.

ನೀರಿಗೆ ಟ್ಯಾಂಕರ್ ತರಿಸಿ. ಬಚ್ಚಲಿಗೆ ನಾಲ್ಕು ಬಕೆಟ್ ಸುರಿದು, ಒಂದೆರಡು ಗಂಟೆ ಬಿಟ್ಟು ಕೆಳಗಿನ ಛಾವಣಿ ನೋಡಿ. ತೊಟ್ಟಿ ತುಂಬಿಸಿ ಗೆರೆ ಹಾಕಿ, ಮರುದಿನ ಮಟ್ಟ ಅಳೆಯಿರಿ. ಗೋಡೆಯೊಳಗಿನ ಪೈಪಿಗೆ ಪ್ಲಂಬರ್ ಕೈಪಂಪಿನಿಂದ ಒತ್ತಡ ಕೊಟ್ಟಾಗ ಗೇಜಿನ ಮುಳ್ಳು ಇಳಿಯಬಾರದು. ಬಚ್ಚಲ ವಾಸನೆಗೆ ಹೆದರಬೇಡಿ. ಟ್ರ್ಯಾಪಿನ ನೀರು ಒಣಗಿರುತ್ತದೆ, ಒಂದು ಚೊಂಬು ನೀರು ಹಾಕಿದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಸಂಪರ್ಕ ಏಕೆ ಕಡಿದರು ಎಂದು ಜೆಸ್ಕಾಂ ಕಚೇರಿಯಲ್ಲಿ ಕೇಳಿ, ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ಬಾಕಿಯನ್ನು ಹೊಸಬರಿಂದ ಕೇಳಬಹುದೆಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಪರೀಕ್ಷಿಸಲಾಗದೆ ಉಳಿದದ್ದನ್ನು ಒಂದೊಂದಾಗಿ ಕರಾರಿನಲ್ಲಿ ಬರೆಸಿ. ಕರೆಂಟು, ನೀರು ಬಂದು ಎರಡನೇ ಪರೀಕ್ಷೆ ಆಗುವವರೆಗೆ ಹಣದ ಒಂದು ಭಾಗ ತಮ್ಮಲ್ಲೇ ಇರಲಿ. ದಲ್ಲಾಳಿ ಮುಖ ಸಿಂಡರಿಸಿದರೆ ಸಿಂಡರಿಸಲಿ.